ಸೋತ ಮೀನಿನ ನಡೆ

ಮಾಣಿ, ನಿನ್ನೆ ನೀನು ಪೇಟೆಯಿಂದ ತಂದ ಡಬ್ಬಿ ತೆರೆದು ತೋರಿಸಿದಾಗ ನಾನು ಹೆಚ್ಚು ಮಾತಾಡಲಿಲ್ಲ. ಲೂರ್ ಎಂಬ ಹುಸಿಮೀನು ಹನ್ನೆರಡು, ಬಣ್ಣವೂ ಹನ್ನೆರಡು. ಆದರೆ ಎಲ್ಲವೂ ಒಂದೇ ಅಳತೆ, ಎಲ್ಲಕ್ಕೂ ಮೂತಿಯ ಕೆಳಗೆ ಒಂದೇ ಥರದ ನಾಲಗೆ. ಹಾಗಾಗಿ ನಿನ್ನ ಹತ್ತಿರ ಇರುವುದು ನಿಜಕ್ಕೂ ಒಂದೇ ಲೂರ್. ಮುಂದೆ ದುಡ್ಡು ಹಾಕುವ ಮೊದಲು ಈ ಮುದುಕ ಹೇಳುವುದನ್ನು ಸ್ವಲ್ಪ ಕೇಳು.

ಕೆಂಬೇರಿಯಾಗಲಿ, ಪೇಟೆಯವರು ಸೀಬಾಸ್ ಅನ್ನುವ ನಮ್ಮ ಕುರುಡಿಯಾಗಲಿ, ಬಣ್ಣಕ್ಕಿಂತ ಮೊದಲು ನಡೆಯನ್ನು ನೋಡುತ್ತದೆ. ಗುಂಪಿನಲ್ಲಿ ಯಾವ ಮರಿ ಸೋತಿದೆ, ಯಾವುದು ಓಲಾಡುತ್ತಾ ಹಿಂದೆ ಬಿದ್ದಿದೆ ಎಂದು ಕಾಯುತ್ತದೆ. ಇದನ್ನು ಕಣ್ಣಾರೆ ಕಂಡು ಕಲಿತವನು ಫಿನ್‌ಲೆಂಡಿನ ಲೌರಿ ರಾಪಾಲಾ ಎಂಬ ಬಡ ಮೀನುಗಾರ. ದೋಣಿಯಲ್ಲಿ ಕೂತು ನೀರನ್ನೇ ನೋಡುತ್ತಿದ್ದವನಿಗೆ, ದೊಡ್ಡ ಮೀನು ನೂರಾರು ಮರಿಗಳ ನಡುವೆ ನುಗ್ಗಿ ಕುಂಟುವ ಒಂದನ್ನೇ ಹಿಡಿಯುವುದು ಕಾಣಿಸಿತು. 1936ರಲ್ಲಿ ಚಮ್ಮಾರರ ಚಾಕುವಿನಿಂದ ಬೆಂಡು ಕೆತ್ತಿದ, ಚಾಕೊಲೇಟಿನ ಬೆಳ್ಳಿ ಕಾಗದ ಸುತ್ತಿದ, ಫೋಟೊ ನೆಗೆಟಿವ್ ಕರಗಿಸಿ ಮೇಲೆ ಬಳಿದ. ಮನೆಯಲ್ಲಿದ್ದ ಸಾಮಾನಿನಿಂದಲೇ ಸೋತ ಮೀನಿನ ನಡೆ ಮೂಡಿತು. ಇವತ್ತು ಅವನ ಹೆಸರಿನ ಲೂರ್ ಲೋಕವೆಲ್ಲ ಮಾರಾಟವಾಗುತ್ತದೆ. ನಾನು ಅವನನ್ನು ಗೌರವಿಸುವುದು ಅವನು ಕಟ್ಟಿದ ವ್ಯಾಪಾರಕ್ಕಲ್ಲ, ಅಷ್ಟು ಹೊತ್ತು ಸುಮ್ಮನೆ ನೀರು ನೋಡಿದ್ದಕ್ಕೆ.

ಆ ನಡೆ ಬರುವುದು ಹೆಚ್ಚಾಗಿ ನಾಲಗೆಯಿಂದ. ನಾಲಗೆ ಗಿಡ್ಡವಾಗಿ, ನೆಟ್ಟಗೆ ಕೆಳಗೆ ಇಳಿದಿದ್ದರೆ ಲೂರ್ ಮೇಲುನೀರಿನಲ್ಲೇ ಓಲಾಡುತ್ತಾ ಬರುತ್ತದೆ. ಉದ್ದವಾಗಿ ಮುಂದಕ್ಕೆ ಚಾಚಿದ್ದರೆ ಆಳಕ್ಕೆ ಮೂಗು ಹಾಕುತ್ತದೆ. ಅಂಗಡಿಯಲ್ಲಿ ಮೊದಲು ಇದನ್ನು ನೋಡು, ಆಮೇಲೆ ತೇಲುವುದೋ ಮುಳುಗುವುದೋ ಕೇಳು. ನಮ್ಮ ಗಂಗೊಳ್ಳಿ ಅಳಿವೆಗೆ ನಿನಗೆ ಮೂರು ಸಾಕು. ಕಾಂಡ್ಲಾ ಗಿಡಗಳ ಬುಡಕ್ಕೆ ಎಸೆಯಲು ಬೆರಳುದ್ದದ, ಗಿಡ್ಡ ನಾಲಗೆಯ, ತೇಲುವಂಥದ್ದು ಒಂದು. ಅದು ಬೇರಿಗೆ ತಾಗಿತೆಂದು ಗೊತ್ತಾದ ಕೂಡಲೇ ದಾರ ಸಡಿಲ ಬಿಡು, ಎಷ್ಟೋ ಸಲ ತಾನೇ ಹಿಂದೆ ಸರಿದು ಮೇಲೆ ಬರುತ್ತದೆ. ಎಳೆದರೆ ಕಚ್ಚಿಕೊಳ್ಳುತ್ತದೆ. ಸೇತುವೆಯ ಕಂಬಗಳ ಆಳಕ್ಕೆ ಉದ್ದ ನಾಲಗೆಯದು ಇನ್ನೊಂದು. ಬೆಳಗಿನ ಜಾವ ನೀರು ಕನ್ನಡಿಯಂತಿದ್ದಾಗ ಮೇಲೆ ಗುಳುಗುಳು ಸದ್ದು ಮಾಡುವ ಪಾಪರ್ ಮೂರನೆಯದು. ಬಣ್ಣದ ವಿಚಾರ ಇಷ್ಟೇ: ನೀರು ತಿಳಿಯಿದ್ದರೆ ಬೆಳ್ಳಿ, ಮಳೆ ಬಂದು ಕೆಂಪಾಗಿದ್ದರೆ ಹಳದಿ ಅಥವಾ ಚಿನ್ನದ ಬಣ್ಣ.

ಲೂರ್ ಕಟ್ಟುವಾಗ ಗಂಟನ್ನು ಮೂಗಿನ ಬಳೆಗೆ ಬಿಗಿಯಬೇಡ. ಸಣ್ಣ ಕುಣಿಕೆ ಬಿಟ್ಟು ಕಟ್ಟು. ಬಿಗಿ ಗಂಟು ಹಾಕಿದರೆ ಲೂರ್ ಓಲಾಡುವುದಿಲ್ಲ, ಕಡ್ಡಿಯಂತೆ ಬರುತ್ತದೆ. ಮೊದಲು ದೋಣಿಯ ಪಕ್ಕದಲ್ಲೇ ಎಳೆದು ನೋಡು. ಒಂದು ಕಡೆಗೆ ವಾಲಿಕೊಂಡು ಬಂದರೆ, ಆ ಬಳೆಯನ್ನು ಎದುರು ಕಡೆಗೆ ಇಕ್ಕಳದಿಂದ ಕೂದಲೆಳೆಯಷ್ಟು ಬಗ್ಗಿಸು. ದಾರದ ತುದಿಗೆ ಒಂದು ಮಾರು ದಪ್ಪ ನೈಲಾನ್ ಸೇರಿಸು. ಕಚ್ಚಿದ ಕೆಂಬೇರಿ ಬೇರಿನೊಳಗೆ ನುಗ್ಗದೆ ಬಿಡುವುದಿಲ್ಲ. ಕುರುಡಿಯ ಕಿವಿರಿನ ಮುಚ್ಚಳದ ಅಂಚಂತೂ ಬ್ಲೇಡಿನಂತಿರುತ್ತದೆ.

ಇನ್ನು ಎಸೆಯುವುದು. ಇಳಿತ ಶುರುವಾದ ಮೇಲೆ ಅರಾಟೆ ಸೇತುವೆಯ ಹತ್ತಿರ ಒಂದು ಗಂಟೆ ಸುಮ್ಮನೆ ನಿಲ್ಲು. ಕಾಂಡ್ಲಾ ಸಂದಿಗಳಿಂದ ಇಳಿಯುವ ನೀರಿನೊಂದಿಗೆ ಮರಿಮೀನು, ಚಟ್ಲಿ ಎಲ್ಲ ಹೊರಗೆ ಬರುತ್ತವೆ. ದೊಡ್ಡದು ಸೆಳೆತದಲ್ಲಿ ಈಜಿ ದಣಿಯುವುದಿಲ್ಲ. ಕಂಬದ ಮರೆಯಲ್ಲಿ, ನೀರು ನಿಧಾನವಾಗುವ ಜಾಗದಲ್ಲಿ ನಿಂತು, ಬರುವುದನ್ನು ಕಾಯುತ್ತದೆ. ಆದ್ದರಿಂದ ಲೂರನ್ನು ಸೆಳೆತದ ಮೇಲ್ಭಾಗಕ್ಕೆ ಎಸೆದು, ನೀರಿನ ಜೊತೆಗೇ ಅದರ ಬಾಯಿಯ ಮುಂದೆ ತಾ. ಮೂರು ಸುತ್ತು ರೀಲು, ಒಂದು ಸಣ್ಣ ಜಗ್ಗು, ಆಮೇಲೆ ನಿಲ್ಲಿಸು. ಈ ನಿಲ್ಲಿಸುವುದು ಹುಡುಗರಿಗೆ ಬರುವುದೇ ಇಲ್ಲ. ಎಸೆದದ್ದೇ ಗರಗರ ಸುತ್ತುತ್ತೀರಿ. ಸೋತ ಮೀನು ಓಡುತ್ತದೆಯೇ? ಎರಡು ಉಸಿರು ಬಿಡುವಷ್ಟು ಹೊತ್ತು ಅದನ್ನು ನೀರಿನಲ್ಲಿ ಹಾಗೇ ಬಿಡು. ನನ್ನ ಕೈಗೆ ಸಿಕ್ಕ ದೊಡ್ಡ ಕುರುಡಿಗಳು ಹೆಚ್ಚಿನವು ಆ ಹೊತ್ತಿನಲ್ಲೇ ಬಾಯಿ ಹಾಕಿದವು.

ಗಾಳದ ವಿಷಯದಲ್ಲಿ ಮಾತ್ರ ನನ್ನ ಮಾತು ಮೀರಬೇಡ. ಒಂದೊಂದು ಲೂರಿಗೆ ಮೂರು ಮುಳ್ಳಿನ ಗಾಳ ಎರಡೆರಡು. ನನ್ನ ಬಲಗೈ ಹೆಬ್ಬೆರಳಿನ ಗುರುತು ನೋಡಿದ್ದೀಯಲ್ಲ? ಪಾತಿ ದೋಣಿಯಲ್ಲಿ ಒಬ್ಬನೇ ಇದ್ದೆ. ಕೆಂಬೇರಿಯನ್ನು ಕೈಯಲ್ಲಿ ಹಿಡಿದು ಗಾಳ ಬಿಡಿಸಲು ಹೋದಾಗ ಅದು ಒದರಿತು. ಒಂದು ಮುಳ್ಳು ಮೀನಿನ ಬಾಯಲ್ಲಿ, ಇನ್ನೊಂದು ನನ್ನ ಬೆರಳಲ್ಲಿ. ಹಾಗೇ ದಡ ಸೇರುವವರೆಗೆ ಪಟ್ಟ ನೋವು ಇನ್ನೂ ನೆನಪಿದೆ. ಮನೆಯಲ್ಲೇ ಎಲ್ಲ ಹಿಮ್ಮುಳ್ಳುಗಳನ್ನೂ ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿಕೊಂಡು ಹೋಗು. ಹಿಮ್ಮುಳ್ಳು ಇಲ್ಲದಿದ್ದರೂ, ದಾರ ಸಡಿಲ ಬಿಡದಿದ್ದರೆ ಮೀನು ತಪ್ಪುವುದು ಅಪರೂಪ. ಲೂರ್ ಬೇರಿಗೆ ಸಿಕ್ಕಿಬಿದ್ದರೆ ದಾರ ಹರಿದು ಬರಬೇಡ, ದೋಣಿ ಹತ್ತಿರ ಒಯ್ದು ಬಿಡಿಸಿಕೋ. ಅದೇ ಬೇರುಗಳ ನಡುವೆ ನೀರುನಾಯಿ ಓಡಾಡುತ್ತದೆ, ನೀರುಕಾಗೆ ಮುಳುಗುತ್ತದೆ, ನಮ್ಮವರು ಬರಿಗಾಲಲ್ಲಿ ಇಳಿದು ಚಿಪ್ಪು ಹೆಕ್ಕುತ್ತಾರೆ.

ಕೊನೆಗೊಂದು ಮಾತು ಕೇಳಿಕೊಳ್ಳುತ್ತೇನೆ. ಕುರುಡಿ ಮೊದಲು ಗಂಡಾಗಿ ಬೆಳೆದು, ವರ್ಷಗಳು ಕಳೆದ ಮೇಲೆ ಹೆಣ್ಣಾಗುವ ಮೀನು. ತೀರಾ ದೊಡ್ಡವು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ, ಅಳಿವೆಯ ಉಪ್ಪು ನೀರಿಗೆ ಇಳಿದು ಲಕ್ಷಗಟ್ಟಲೆ ಮೊಟ್ಟೆ ಇಡುವಂಥವು. ಸಾರಿಗೆ ಎರಡು ಕಿಲೋದ್ದು ಸಾಕು, ರುಚಿಯೂ ಅದರದ್ದೇ ಹೆಚ್ಚು. ತೋಳುದ್ದದ್ದು ಸಿಕ್ಕಿದರೆ ಹೊಟ್ಟೆಯ ಕೆಳಗೆ ಒದ್ದೆ ಕೈ ಕೊಟ್ಟು, ಸೆಳೆತಕ್ಕೆ ಮುಖ ಮಾಡಿ ಹಿಡಿದುಕೋ. ಬಾಲ ತಾನಾಗಿ ಬೀಸುವವರೆಗೆ ಕಾದು ಬಿಟ್ಟುಬಿಡು, ಮಾಣಿ.