ಮನೆಯ ಭಾವಚಿತ್ರದಲ್ಲಿ ಎಲ್ಲರಿಗೂ ಸ್ಥಾನ

ಮದುವೆಯ ಮನೆಯಲ್ಲಿ ಕುಟುಂಬದವರೆಲ್ಲ ಸಾಲಾಗಿ ನಿಂತು ಭಾವಚಿತ್ರ ತೆಗೆಸಿಕೊಳ್ಳುವುದು ವಾಡಿಕೆ. ಆದರೆ ಬೌದ್ಧಿಕ ವಿಕಲತೆಯುಳ್ಳ ಮೈದುನನನ್ನೋ ನಾದಿನಿಯನ್ನೋ ಆ ವೇಳೆಗೆ ಒಳಕೋಣೆಗೆ ಕಳುಹಿಸುವ ಮನೆಗಳೂ ಉಂಟು. ಬೀಗರು ಏನೆಂದುಕೊಂಡಾರೋ ಎಂಬ ಅಳುಕೇ ಇದಕ್ಕೆ ಕಾರಣ. ಮುಂದೆ ಆ ಚಿತ್ರವನ್ನು ನೋಡುವ ಮಕ್ಕಳಿಗೆ ತಮಗೆ ಇನ್ನೊಬ್ಬ ಚಿಕ್ಕಪ್ಪನಿದ್ದನೆಂಬುದೇ ತಿಳಿಯದೆ ಹೋಗುತ್ತದೆ.

ಬೌದ್ಧಿಕ ವಿಕಲತೆ ಎಂದರೇನು? ಕಲಿಯುವ, ಆಲೋಚಿಸುವ ಹಾಗೂ ದಿನನಿತ್ಯದ ಕೆಲಸಗಳನ್ನು ನಿರ್ವಹಿಸುವ ಶಕ್ತಿಯು ಬೆಳೆಯುವ ವಯಸ್ಸಿನಿಂದಲೇ ಕುಂಠಿತವಾಗಿರುವ ಸ್ಥಿತಿ. ಇದು ಹುಚ್ಚಲ್ಲ, ಅಂಟುರೋಗವಲ್ಲ, ಪೂರ್ವಜನ್ಮದ ಪಾಪದ ಫಲವೂ ಅಲ್ಲ.

ಅಮೆರಿಕದ ಒಂದು ನಿದರ್ಶನವನ್ನು ಗಮನಿಸಿರಿ. 1965ರ ಕ್ರಿಸ್‌ಮಸ್ ಸಮಯದಲ್ಲಿ ಬರ್ಟನ್ ಬ್ಲಾಟ್ ಎಂಬ ಪ್ರಾಧ್ಯಾಪಕರು ಫ್ರೆಡ್ ಕಪ್ಲಾನ್ ಎಂಬ ಛಾಯಾಗ್ರಾಹಕರೊಡನೆ ಇಂತಹವರನ್ನು ಇರಿಸಿದ್ದ ಸರ್ಕಾರಿ ಸಂಸ್ಥೆಗಳನ್ನು ಸಂದರ್ಶಿಸಿದರು. ಕಪ್ಲಾನ್ ಅವರು ಸೊಂಟಪಟ್ಟಿಯಲ್ಲಿ ಮರೆಮಾಡಿದ್ದ ಕ್ಯಾಮೆರಾದಿಂದ ಚಿತ್ರ ತೆಗೆದರು. ಮೈಮೇಲೆ ಬಟ್ಟೆಯಿಲ್ಲದೆ, ಮಾಡಲು ಕೆಲಸವಿಲ್ಲದೆ, ಬರಿಯ ಕೋಣೆಗಳಲ್ಲಿ ಕಿಕ್ಕಿರಿದಿದ್ದ ಜನರ ಆ ಚಿತ್ರಗಳು 1966ರಲ್ಲಿ ಪುಸ್ತಕರೂಪದಲ್ಲಿ ಹೊರಬಂದಾಗ ಜನ ಬೆಚ್ಚಿಬಿದ್ದರು. ಅದೇ ಪುಸ್ತಕದಲ್ಲಿ ಸೀಸೈಡ್ ಎಂಬ ಕೇಂದ್ರದ ಚಿತ್ರಗಳೂ ಇದ್ದವು. ಅಲ್ಲಿ ಕಂಡುಬಂದದ್ದು ಅಕ್ಕರೆಯ ಆರೈಕೆ. ವಿಕಲತೆ ಎರಡು ಕಡೆಯೂ ಇತ್ತು. ಭಿನ್ನವಾಗಿದ್ದುದು ನೋಡಿಕೊಂಡವರ ನಡವಳಿಕೆ.

ನಮ್ಮ ಮನೆಗಳಲ್ಲಿ ಮರೆಯ ಕ್ಯಾಮೆರಾ ಬೇಕಿಲ್ಲ. ಮೊಬೈಲಿನಲ್ಲಿ ಚಿತ್ರ ತೆಗೆಯುವಾಗ ಈ ಅಂಶಗಳನ್ನು ಪಾಲಿಸಿರಿ:

1. ಮೊದಲು ಅವರನ್ನೇ ಕೇಳಿರಿ. ಮಾತು ಬಾರದವರು ಮುಖ ತಿರುಗಿಸಿದರೆ ಅಥವಾ ಕೈ ಅಡ್ಡ ಹಿಡಿದರೆ ಅದನ್ನು ನಿರಾಕರಣೆಯೆಂದೇ ತಿಳಿಯಿರಿ.

2. ಹಸುವಿಗೆ ಹುಲ್ಲು ಹಾಕುವಾಗ, ಅವರೆಕಾಯಿ ಸುಲಿಯುವಾಗ, ಹೂ ಕಟ್ಟುವಾಗ ಚಿತ್ರ ತೆಗೆಯಿರಿ. ಮೂವತ್ತು ವರ್ಷದವರನ್ನು ಕೂಸಿನಂತೆ ತೋರಿಸಬೇಡಿರಿ.

3. ಸ್ನಾನ, ಮೂರ್ಛೆ, ಅಳು, ಕೋಪ ಇವುಗಳ ಚಿತ್ರ ತೆಗೆಯಬಾರದು; ನಗೆಗಾಗಿ ಹಂಚಲೂ ಬಾರದು. ವಿಕಲಚೇತನರನ್ನು ಸಾರ್ವಜನಿಕವಾಗಿ ಉದ್ದೇಶಪೂರ್ವಕವಾಗಿ ಅವಮಾನಿಸುವವರಿಗೆ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 6 ತಿಂಗಳಿಂದ 5 ವರ್ಷಗಳವರೆಗೆ ಕಾರಾಗೃಹವಾಸ ಹಾಗೂ ದಂಡವನ್ನು ವಿಧಿಸುತ್ತದೆ.

4. ಹಲ್ಲುಜ್ಜುವುದು, ಸ್ನಾನಕ್ಕೆ ನೀರು ತರುವುದು, ತಲೆ ಬಾಚುವುದು ಇವುಗಳ ಚಿತ್ರಗಳನ್ನು ಅನುಕ್ರಮವಾಗಿ ಗೋಡೆಗೆ ಅಂಟಿಸಿರಿ. ಮುಂದಿನ ಕೆಲಸವನ್ನು ನೆನಪಿಸಿಕೊಳ್ಳಲು ಇದರಿಂದ ನೆರವಾಗುವುದು.

5. ಸರ್ಕಾರದ ಯುಡಿಐಡಿ ಗುರುತಿನ ಚೀಟಿಗೂ ಭಾವಚಿತ್ರ ಅಗತ್ಯ. ಈವರೆಗೆ ಚೀಟಿ ಮಾಡಿಸದಿದ್ದರೆ ಸಮೀಪದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ.

ದಂಪತಿಗಳು ಚರ್ಚಿಸಬೇಕಾದ ವಿಷಯ: ಇಂದು ಸಂಜೆ ಇಬ್ಬರೂ ಕೂಡಿ ನಿಮ್ಮ ಮನೆಯ ಗೋಡೆಯ ಮೇಲಿನ ಚಿತ್ರಗಳನ್ನು ನೋಡಿರಿ. ಮನೆಯಲ್ಲಿದ್ದೂ ಆ ಚಿತ್ರಗಳಲ್ಲಿ ಕಾಣದವರು ಯಾರು? ಮುಂದಿನ ಹಬ್ಬದ ದಿನ ಅವರನ್ನು ಎಲ್ಲಿ ನಿಲ್ಲಿಸುವಿರಿ?