ಭೂಮಧ್ಯ ಸಮುದ್ರದ ಸುತ್ತ: ಸಕುಟುಂಬ ನೌಕಾಯಾತ್ರೆಯ ಒಂದು ಪಾಠ



ಯೂರೋಪು, ಏಷ್ಯಾ, ಆಫ್ರಿಕಾ ಎಂಬ ಮೂರು ಖಂಡಗಳ ನಡುವೆ ಹರಡಿಕೊಂಡಿರುವ ಜಲರಾಶಿಗೆ ಭೂಮಧ್ಯ ಸಮುದ್ರವೆಂದು ಹೆಸರು. ಲ್ಯಾಟಿನ್ ಮೂಲದ ‘ಮೆಡಿಟರೇನಿಯನ್’ ಎಂಬ ಮಾತಿಗೂ ನೆಲದ ನಡುವಣದು ಎಂದೇ ಅರ್ಥ. ರೋಮನರು ಇದನ್ನು ‘ನಮ್ಮ ಸಮುದ್ರ’ವೆಂದು ಕರೆದರು. ತುರ್ಕರು ‘ಬಿಳಿಯ ಸಮುದ್ರ’ವೆನ್ನುತ್ತಾರೆ. ಹೀಬ್ರೂ ಭಾಷೆಯಲ್ಲಿ ಇದು ‘ನಡುಗಡಲು’. ನೀರು ಒಂದೇ ಆದರೂ ದಡದವರು ತಮ್ಮ ತಮ್ಮ ನುಡಿಯಲ್ಲಿ ತಮ್ಮ ತಮ್ಮ ಹೆಸರನ್ನಿಟ್ಟಿದ್ದಾರೆ.

ಈಚಿನ ವರ್ಷಗಳಲ್ಲಿ ನಮ್ಮ ಕಾಸರಗೋಡು ಸೀಮೆಯಿಂದ ಕೊಲ್ಲಿ ರಾಷ್ಟ್ರಗಳಿಗೂ ಯೂರೋಪಿಗೂ ಉದ್ಯೋಗಾರ್ಥವಾಗಿ ತೆರಳಿದವರು, ರಜಾಕಾಲದಲ್ಲಿ ಮಡದಿಮಕ್ಕಳೊಡನೆ, ಕೆಲವೊಮ್ಮೆ ಊರಿನ ಅಜ್ಜ ಅಜ್ಜಿಯರನ್ನೂ ಕರೆಸಿಕೊಂಡು, ಪ್ರವಾಸಿ ಹಡಗಿನಲ್ಲಿ ಈ ಸಮುದ್ರವನ್ನು ಸುತ್ತಿ ಬರುವುದುಂಟು. ಹಾಗೆ ಹೋಗಿಬಂದ ಮಕ್ಕಳು ಚಿತ್ರಗಳನ್ನು ತೋರಿಸುತ್ತಾರೆ. ಚಿತ್ರದಲ್ಲಿರುವುದು ಏನೆಂದು ಕೇಳಿದರೆ ‘ಹಳೆಯ ಕಟ್ಟಡ’ ಎನ್ನುತ್ತಾರೆ. ಮತ್ತೊಂದೆಡೆ, ‘ಕನ್ನಡದಲ್ಲಿ ಓದಿದ ಮಕ್ಕಳಿಗೆ ಹೊರಲೋಕದ ವಿಷಯ ಹೇಗೆ ತಿಳಿದೀತು?’ ಎಂದು ಕೆಲವು ಪೋಷಕರು ನಮ್ಮನ್ನು ಪ್ರಶ್ನಿಸುತ್ತಾರೆ. ಈ ಪಾಠವು ಎರಡಕ್ಕೂ ನಮ್ಮ ಉತ್ತರ. ಹೋಗುವವರಿಗೆ ಇದು ಸಿದ್ಧತೆಯಾಗಲಿ. ಹೋಗಲಾರದವರು ಭೂಪಟವನ್ನು ಮುಂದಿಟ್ಟುಕೊಂಡು ನಮ್ಮೊಡನೆ ಬರಲಿ.

ಸಮುದ್ರದ ಪರಿಚಯ

ಈ ಸಮುದ್ರದ ವಿಸ್ತೀರ್ಣ ಸುಮಾರು 25 ಲಕ್ಷ ಚದರ ಕಿಲೋಮೀಟರು. ಪಶ್ಚಿಮದಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ತೆರೆಯುವ ಜಿಬ್ರಾಲ್ಟರ್ ಜಲಸಂಧಿಯ ಅತಿ ಕಿರಿದಾದ ಭಾಗ ಸುಮಾರು 14 ಕಿಲೋಮೀಟರು ಮಾತ್ರ. ಆಗ್ನೇಯದಲ್ಲಿ 1869ರಲ್ಲಿ ತೆರೆದ ಸೂಯೆಜ್ ಕಾಲುವೆಯು ಇದನ್ನು ಕೆಂಪು ಸಮುದ್ರಕ್ಕೆ, ಆ ಮೂಲಕ ನಮ್ಮ ಅರಬಿ ಸಮುದ್ರಕ್ಕೆ ಕೂಡಿಸುತ್ತದೆ. ಇಲ್ಲಿ ನದಿಗಳು ತರುವ ನೀರಿಗಿಂತ ಬಿಸಿಲಿಗೆ ಆವಿಯಾಗುವ ನೀರು ಹೆಚ್ಚು. ಆ ಕೊರತೆಯನ್ನು ತುಂಬಲು ಅಟ್ಲಾಂಟಿಕ್‌ನ ನೀರು ಜಿಬ್ರಾಲ್ಟರ್ ಮೂಲಕ ಮೇಲ್ಪದರದಲ್ಲಿ ಸದಾ ಒಳಹರಿಯುತ್ತಿರುತ್ತದೆ. ಆದಕಾರಣವೇ ಇದರ ನೀರು ಸಾಗರದ ನೀರಿಗಿಂತ ಹೆಚ್ಚು ಉಪ್ಪು. ಉಬ್ಬರವಿಳಿತವು ಬಹಳ ಸ್ವಲ್ಪ; ಬೇಸಗೆಯಲ್ಲಿ ಕಡಲು ಬಹುಮಟ್ಟಿಗೆ ಶಾಂತ; ದ್ವೀಪಗಳು ಹೇರಳ. ಹೀಗಾಗಿ ಸಣ್ಣ ದೋಣಿಗಳ ಕಾಲದಲ್ಲಿಯೂ ದಡದಿಂದ ದಡಕ್ಕೆ ಸರಕು, ಲಿಪಿ, ದೇವರು, ವಿಚಾರ ಎಲ್ಲವೂ ಸಂಚರಿಸಿದವು.

ರೋಮ್

ರೋಮ್ ನಗರಕ್ಕೆ ಬರುವ ದೊಡ್ಡ ಹಡಗುಗಳು ಚಿವಿತಾವೆಕ್ಕಿಯಾ ಎಂಬ ಬಂದರಿನಲ್ಲಿ ನಿಲ್ಲುತ್ತವೆ. ಅಲ್ಲಿಂದ ನಗರಕ್ಕೆ ಒಂದು ಗಂಟೆಗೂ ಮಿಕ್ಕ ಪ್ರಯಾಣ. ಹಡಗು ಸಂಜೆಗೆ ಹೊರಡುವುದರಿಂದ ಎಲ್ಲವನ್ನೂ ನೋಡುವೆವೆಂಬ ಆಸೆ ಸಲ್ಲದು. ಮಕ್ಕಳೊಡನೆ ಹೋಗುವವರು ಎರಡು ಮೂರು ಸ್ಥಳಗಳನ್ನು ಮಾತ್ರ ಆರಿಸಿಕೊಳ್ಳುವುದು ಲೇಸು.

ಕ್ರೈಸ್ತರ ಕೆಥೊಲಿಕ ಪಂಥಕ್ಕೆ ಕೇಂದ್ರವಾದ ಸಂತ ಪೀಟರನ ಮಹಾದೇವಾಲಯದ ಕಟ್ಟಡವು 1506ರಲ್ಲಿ ಆರಂಭವಾಗಿ 1626ರಲ್ಲಿ ಪ್ರತಿಷ್ಠೆಗೊಂಡಿತು. ನೂರಿಪ್ಪತ್ತು ವರ್ಷಗಳ ಈ ಕೆಲಸದಲ್ಲಿ ಅಡಿಗಲ್ಲನ್ನು ಕಂಡ ಯಾರೂ ಅದರ ಪೂರ್ಣತೆಯನ್ನು ಕಾಣಲಿಲ್ಲ. ಇದಕ್ಕಿಂತಲೂ ಪ್ರಾಚೀನವಾದುದು ಪ್ಯಾಂಥಿಯನ್. ಚಕ್ರವರ್ತಿ ಹೇಡ್ರಿಯನನ ಕಾಲದಲ್ಲಿ ರೋಮನ್ ದೇವತೆಗಳಿಗಾಗಿ ಕಟ್ಟಿದ ಈ ಗುಡಿ ಕ್ರಿ. ಶ. 609ರಲ್ಲಿ ಚರ್ಚಾಯಿತು, ಆದುದರಿಂದಲೇ ಹಾಳಾಗದೆ ಉಳಿಯಿತು. ಅದರ ಗುಮ್ಮಟದ ವ್ಯಾಸ 43 ಮೀಟರಿಗೂ ಹೆಚ್ಚು. ನೆಲದಿಂದ ನೆತ್ತಿಯ ರಂಧ್ರದವರೆಗಿನ ಎತ್ತರವೂ ಅಷ್ಟೇ. ಕಬ್ಬಿಣದ ಸರಳಿಲ್ಲದೆ ಕಾಂಕ್ರೀಟಿನಲ್ಲೇ ನಿಂತ ಗುಮ್ಮಟಗಳಲ್ಲಿ ಇಂದಿಗೂ ಇದಕ್ಕಿಂತ ದೊಡ್ಡದಿಲ್ಲ. ಮೇಲೆ ಹೋದಂತೆ ಹಗುರವಾದ ಅಗ್ನಿಪರ್ವತದ ಕಲ್ಲನ್ನು ಬೆರೆಸಿದುದೇ ಇದರ ಯುಕ್ತಿ.

ಟೈಟಸನ ಕಮಾನನ್ನೂ ಮಕ್ಕಳು ನೋಡಲಿ. ಕ್ರಿ. ಶ. 70ರಲ್ಲಿ ರೋಮನರು ಜೆರುಸಲೇಮಿನ ದೇವಾಲಯವನ್ನು ನಾಶಗೊಳಿಸಿ, ಅಲ್ಲಿನ ಏಳು ಕವಲುಗಳ ದೀಪಸ್ತಂಭವನ್ನು ಹೊತ್ತು ತಂದುದನ್ನು ಅದರಲ್ಲಿ ಕೆತ್ತಿದ್ದಾರೆ. ಒಬ್ಬರ ವಿಜಯಸ್ತಂಭವು ಮತ್ತೊಬ್ಬರ ದುಃಖದ ದಾಖಲೆಯೂ ಆಗಿರುವುದೆಂಬುದನ್ನು ಇಲ್ಲಿ ಕಲಿಯಬೇಕು.

ನೇಪಲ್ಸ್ ಮತ್ತು ಪೊಂಪೇಯಿ

ಕ್ರಿ. ಶ. 79ರಲ್ಲಿ ವೆಸೂವಿಯಸ್ ಪರ್ವತವು ಬೆಂಕಿಯುಗುಳಿ ಪೊಂಪೇಯಿ ಪಟ್ಟಣವನ್ನು ಬೂದಿಯಲ್ಲಿ ಹೂಳಿತು. 1748ರಲ್ಲಿ ಅಲ್ಲಿ ಅಗೆತ ಆರಂಭವಾಯಿತು. 1938ರಲ್ಲಿ ಅಲ್ಲಿನ ಮನೆಯೊಂದರಲ್ಲಿ ಸುಮಾರು 25 ಸೆಂಟಿಮೀಟರ್ ಎತ್ತರದ ದಂತದ ಸ್ತ್ರೀಮೂರ್ತಿಯೊಂದು ದೊರೆಯಿತು. ಆಭರಣಭೂಷಿತೆಯಾದ ಆಕೆ ಭಾರತದ ಶಿಲ್ಪಿಯ ಕೈಯ ಕೆಲಸ. ಮೊದಲು ಲಕ್ಷ್ಮಿಯೆಂದು ತಿಳಿದರು. ಯಕ್ಷಿಯಿರಬೇಕೆಂದು ಈಗ ಹಲವರ ಮತ. ಇಂದು ಆ ಮೂರ್ತಿ ನೇಪಲ್ಸ್‌ನ ವಸ್ತುಸಂಗ್ರಹಾಲಯದಲ್ಲಿದೆ.

ಅದೇ ದುರಂತದಲ್ಲಿ, ಸಂಕಟದಲ್ಲಿದ್ದವರನ್ನು ರಕ್ಷಿಸಲು ನೌಕೆಗಳೊಡನೆ ಹೋದ ಹಿರಿಯ ಪ್ಲಿನಿಯೆಂಬ ನೌಕಾಧಿಪತಿಯು ಮಡಿದನು. ಈತನು 37 ಭಾಗಗಳ ‘ಪ್ರಕೃತಿ ಚರಿತ್ರೆ’ಯ ಕರ್ತೃ. ಮುಂಗಾರು ಗಾಳಿಯನ್ನು ಹಿಡಿದು ಕೆಂಪು ಸಮುದ್ರದ ಬಾಯಿಯಿಂದ 40 ದಿನಗಳಲ್ಲಿ ನಮ್ಮ ಕರಾವಳಿಯ ಮುಜಿರಿಸ್ ಬಂದರನ್ನು ಸೇರಬಹುದೆಂದೂ, ಆದರೆ ಸಮೀಪದಲ್ಲಿ ನಿತ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿರುವರೆಂದೂ ಅವನು ಬರೆದಿದ್ದಾನೆ. ನಿತ್ರಿಯಾಸ್ ಎಂಬುದು ನೇತ್ರಾವತಿಯ ದಡದ ಮಂಗಳೂರೇ ಇರಬೇಕೆಂದು ಹಲವು ವಿದ್ವಾಂಸರ ಊಹೆ. ವೆಸೂವಿಯಸಿನ ಬುಡದಲ್ಲಿ ಸತ್ತವನಿಗೆ ನಮ್ಮ ನೆರೆಯ ಹೊಳೆಯ ಸುದ್ದಿ ತಲುಪಿದ್ದರೆ, ಆ ಲೋಕವು ನಮಗೆ ದೂರದ್ದೆನ್ನುವುದು ಹೇಗೆ?

ಅಥೆನ್ಸ್ ಮತ್ತು ಎಫೆಸಸ್

ಗ್ರೀಸಿನ ಪಿರೇಯಸ್ ಬಂದರಿನಿಂದ ಅಥೆನ್ಸಿನ ಆಕ್ರೊಪೊಲಿಸ್ ಗುಡ್ಡಕ್ಕೆ ಹೋಗಬಹುದು. ಅಲ್ಲಿನ ಪಾರ್ಥೆನಾನ್ ದೇಗುಲವನ್ನು ಕ್ರಿ. ಪೂ. 447ರಲ್ಲಿ ಅಥೀನಾ ದೇವಿಗಾಗಿ ಕಟ್ಟಲಾರಂಭಿಸಿದರು. ಮುಂದೆ ಅದು ಚರ್ಚಾಯಿತು, ಆಮೇಲೆ ಮಸೀದಿಯಾಯಿತು. 1687ರ ಯುದ್ಧದಲ್ಲಿ ತುರ್ಕರು ಅದರೊಳಗೆ ಮದ್ದನ್ನು ತುಂಬಿದ್ದರು. ವೆನಿಸಿನವರು ಗುಂಡು ಹಾರಿಸಿದರು. ಎರಡು ಸಾವಿರ ವರ್ಷ ನಿಂತ ಕಟ್ಟಡವು ಒಂದೇ ದಿನದಲ್ಲಿ ಒಡೆಯಿತು. ಕಾಲಕ್ಕಿಂತಲೂ ಮನುಷ್ಯನ ಕೋಪವೇ ಹೆಚ್ಚು ಕೆಡಿಸುವುದು.

ತುರ್ಕಿಯ ಕುಶಾದಾಸಿ ಬಂದರಿನ ಬಳಿ ಎಫೆಸಸ್ ನಗರದ ಅವಶೇಷಗಳಿವೆ. ಪ್ರಾಚೀನ ಲೋಕದ ಏಳು ಅದ್ಭುತಗಳಲ್ಲಿ ಒಂದಾದ ಆರ್ಟೆಮಿಸ್ ದೇವಿಯ ಗುಡಿ ಇಲ್ಲಿಯೇ ಇತ್ತು. ಸಂತ ಪೌಲನು ಇಲ್ಲಿ ಬೋಧಿಸಿದನು. ಗುಡ್ಡದ ಮೇಲೆ ಮೇರಿ ಮಾತೆಯ ಮನೆಯೆಂದು ಹೇಳುವ ಸಣ್ಣ ಗುಡಿಗೆ ಕ್ರೈಸ್ತರೂ ಮುಸಲ್ಮಾನರೂ ಬಂದು ಪ್ರಾರ್ಥಿಸುತ್ತಾರೆ. ಈ ಮಹಾನಗರವು ಕ್ಷೀಣಿಸಲು ದೊಡ್ಡ ಕಾರಣವೆಂದರೆ ಹೂಳು. ನದಿಯು ತಂದ ಮಣ್ಣು ಬಂದರನ್ನು ತುಂಬುತ್ತ ಬಂದು, ಇಂದು ಸಮುದ್ರವು ಹಲವು ಕಿಲೋಮೀಟರು ಹಿಂದೆ ಸರಿದಿದೆ. ನಿತ್ಯವೂ ಹೂಳೆತ್ತದ ಬಂದರು ಉಳಿಯದು. ನಿತ್ಯವೂ ಬಳಸದ ನುಡಿಯ ಗತಿಯೂ ಅದೇ ಎಂಬುದು ಗಡಿನಾಡಿನವರಾದ ನಮಗೆ ಹೇಳದೆಯೂ ತಿಳಿದೀತು.

ಇಸ್ತಾಂಬುಲ್ ಮತ್ತು ಜೆರುಸಲೇಮ್

ಡಾರ್ಡನೆಲ್ಸ್ ಜಲಸಂಧಿಯನ್ನು ದಾಟಿದರೆ ಇಸ್ತಾಂಬುಲ್. ಅಲ್ಲಿನ ಹಗಿಯಾ ಸೋಫಿಯಾ ಕ್ರಿ. ಶ. 537ರಲ್ಲಿ ಚರ್ಚಾಗಿ ಪೂರ್ಣಗೊಂಡಿತು, 1453ರಲ್ಲಿ ಮಸೀದಿಯಾಯಿತು, 1935ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು, 2020ರಲ್ಲಿ ಮತ್ತೆ ಮಸೀದಿಯಾಯಿತು. 2024ರಿಂದ ವಿದೇಶೀ ಪ್ರವಾಸಿಗಳು ಟಿಕೆಟು ಪಡೆದು ಮೇಲಂತಸ್ತಿನಿಂದ ನೋಡುವ ಏರ್ಪಾಡಿದೆ.

ಜೆರುಸಲೇಮ್ ಒಳನಾಡಿನ ನಗರ. ಹೈಫಾ, ಅಶ್ದೋದ್ ಬಂದರುಗಳಿಂದ ಯಾತ್ರಿಕರು ಅಲ್ಲಿಗೆ ಹೋಗುತ್ತಿದ್ದರು. 2023ರ ಅಕ್ಟೋಬರಿನಲ್ಲಿ ಯುದ್ಧವಾರಂಭವಾದ ಮೇಲೆ ಹಡಗು ಸಂಸ್ಥೆಗಳು ಆ ಬಂದರುಗಳನ್ನು ತಮ್ಮ ಮಾರ್ಗದಿಂದ ಬಿಟ್ಟವು. ಯೆಹೂದ್ಯರ ಪಶ್ಚಿಮ ಗೋಡೆ, ಕ್ರೈಸ್ತರ ಪವಿತ್ರ ಸಮಾಧಿಯ ಚರ್ಚು, ಮುಸಲ್ಮಾನರ ಅಲ್ ಅಕ್ಸಾ ಮಸೀದಿ, ಮೂರೂ ಅಲ್ಲಿ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಕ್ರೈಸ್ತರ ಆ ಚರ್ಚಿನ ಬಾಗಿಲ ಬೀಗದ ಕೈ ಶತಮಾನಗಳಿಂದ ಮುಸಲ್ಮಾನ ಮನೆತನದ ವಶದಲ್ಲಿದೆ. ಕ್ರಿಸ್ತನನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಎಂಬ ಸ್ಥಳವೂ ಆ ಚರ್ಚಿನೊಳಗೇ ಇದೆಯೆಂದು ಪರಂಪರೆಯ ನಂಬಿಕೆ.

ಗೊಲ್ಗೊಥಾ ಎಂಬ ಹೆಸರನ್ನು ಕೇಳಿದೊಡನೆ ನಮ್ಮ ಮಕ್ಕಳಿಗೆ ಮಂಜೇಶ್ವರ ನೆನಪಾಗಬೇಕು. ರಾಷ್ಟ್ರಕವಿ ಗೋವಿಂದ ಪೈಯವರು (1883–1963) ಅದೇ ಹೆಸರಿನ ಖಂಡಕಾವ್ಯದಲ್ಲಿ ಕ್ರಿಸ್ತನ ಅಂತ್ಯವನ್ನು ಕನ್ನಡಿಸಿದರು. ಅನ್ಯಮತದ ಮಹಾತ್ಮನ ನೋವನ್ನು ತನ್ನ ನುಡಿಯಲ್ಲಿ ತನ್ನದಾಗಿಸಿಕೊಳ್ಳಲು ಅವರಿಗೆ ಕನ್ನಡವು ಸಾಲದೆ ಹೋಗಲಿಲ್ಲ.

ಅಲೆಕ್ಸಾಂಡ್ರಿಯ

ಈಜಿಪ್ಟಿನ ಈ ಬಂದರು ಕ್ರಿ. ಪೂ. 331ರಲ್ಲಿ ಅಲೆಕ್ಸಾಂಡರನಿಂದ ಸ್ಥಾಪಿತವಾಯಿತು. ಇಲ್ಲಿದ್ದ ದೀಪಸ್ತಂಭವೂ ಗ್ರಂಥಾಲಯವೂ ಲೋಕಪ್ರಸಿದ್ಧವಾಗಿದ್ದವು. ಆ ಸ್ಮರಣೆಗಾಗಿ 2002ರಲ್ಲಿ ಹೊಸ ಗ್ರಂಥಾಲಯವೊಂದನ್ನು ತೆರೆದಿದ್ದಾರೆ. ಕ್ರಿ. ಶ. ಎರಡನೆಯ ಶತಮಾನದ ಒಂದು ಪಪೈರಸ್ ಕಾಗದದಲ್ಲಿ ಅಲೆಕ್ಸಾಂಡ್ರಿಯ ಮತ್ತು ಮುಜಿರಿಸ್ ನಡುವಣ ವ್ಯಾಪಾರದ ಸಾಲಪತ್ರವಿದೆ. ಆ ಹಡಗಿನ ಹೆಸರು ಹೆರ್ಮಪೊಲ್ಲನ್. ಅದು ಈಗ ವಿಯೆನ್ನಾ ನಗರದಲ್ಲಿದೆ.

ಈಜಿಪ್ಟಿನ ಒಳನಾಡಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಇನ್ನೊಂದು ಪಪೈರಸ್‌ನಲ್ಲಿ ಗ್ರೀಕ್ ಪ್ರಹಸನವೊಂದಿದೆ. ಭಾರತದ ಕಡಲ ದಡದಲ್ಲಿ ಸೆರೆಯಾದ ಖಾರಿತಿಯನ್ ಎಂಬ ಗ್ರೀಕ್ ಯುವತಿಯನ್ನು ಅವಳ ಸೋದರನು ಬಂದು, ಅಲ್ಲಿಯ ಅರಸನಿಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವುದೇ ಕಥೆ. ಅದರಲ್ಲಿ ಅರಸನ ಕಡೆಯವರು ಆಡುವ ಮಾತುಗಳು ಕನ್ನಡವಿರಬೇಕೆಂದು 1904ರಲ್ಲಿ ಹುಲ್ಟ್ಜ್ ಎಂಬ ಜರ್ಮನ್ ವಿದ್ವಾಂಸನು ಸೂಚಿಸಿದನು. ಶಾಮಶಾಸ್ತ್ರಿಗಳೂ ಗೋವಿಂದ ಪೈಯವರೂ ಆ ವಿಚಾರವನ್ನು ಮುಂದುವರಿಸಿದರು. ತುಳುವೆಂದವರುಂಟು, ನಗಿಸುವುದಕ್ಕಾಗಿ ಕಟ್ಟಿದ ಬರಿಯ ಸದ್ದುಗಳೆಂದವರೂ ಉಂಟು. ವಾದ ಮುಗಿದಿಲ್ಲ. ವಿದ್ಯಾರ್ಥಿಗಳು ಅಭಿಮಾನದಿಂದ ತೀರ್ಪು ಕೊಡದೆ, ಪ್ರಮಾಣಗಳನ್ನು ತೂಗುವುದನ್ನು ಕಲಿಯಬೇಕು. ಅದಕ್ಕೆ ಗ್ರೀಕನ್ನೂ ಹಳಗನ್ನಡವನ್ನೂ ತುಳುವನ್ನೂ ಬಲ್ಲವರು ಬೇಕು. ಅಂಥವರು ಹುಟ್ಟುವುದಕ್ಕೆ ನಮ್ಮ ಸೀಮೆಗಿಂತ ಯೋಗ್ಯವಾದ ಸೀಮೆ ಬೇರೆಲ್ಲಿದೆ?

ಯಾತ್ರಿಕರು ಪಾಲಿಸತಕ್ಕ ನಿಯಮಗಳು

ಹಡಗಿನ ಯಾತ್ರೆಯಲ್ಲಿ ವಸತಿ, ಊಟ, ಪಯಣ ಒಂದೇ ಕಡೆ ಇರುವುದರಿಂದ ವೃದ್ಧರಿಗೂ ಮಕ್ಕಳಿಗೂ ಅನುಕೂಲ. ಆದರೆ ಸಾವಿರಾರು ಜನ ಒಂದೇ ವೇಳೆಗೆ ಇಳಿಯುವುದರಿಂದ ಚಿಕ್ಕ ಪಟ್ಟಣಗಳಿಗೆ ಭಾರ. ಈ ಕಾರಣದಿಂದಲೇ 2021ರಲ್ಲಿ ವೆನಿಸ್ ನಗರದ ನಡುವಣ ಕಾಲುವೆಗೆ ದೊಡ್ಡ ಹಡಗುಗಳು ಬಾರದಂತೆ ನಿಷೇಧಿಸಿದರು. ನಾವು ಅತಿಥಿಗಳೆಂಬುದನ್ನು ಮರೆಯಬಾರದು. ಚರ್ಚುಗಳಲ್ಲಿ ಭುಜ, ಮೊಣಕಾಲುಗಳು ಮುಚ್ಚಿರಬೇಕು. ಮಸೀದಿಯಲ್ಲಿ ಪಾದರಕ್ಷೆ ಕಳಚಬೇಕು. ಸ್ತ್ರೀಯರು ತಲೆಗೆ ವಸ್ತ್ರ ಹೊದೆಯಬೇಕು. ಪಶ್ಚಿಮ ಗೋಡೆಯ ಬಳಿ ಪುರುಷರು ತಲೆಯನ್ನು ಮುಚ್ಚಿಕೊಳ್ಳಬೇಕು. ಪ್ರಾರ್ಥಿಸುವವರ ಚಿತ್ರ ತೆಗೆಯಬಾರದು. ನಮ್ಮ ದೇವಸ್ಥಾನಕ್ಕೆ ಬಂದ ಪರಸ್ಥಳದವರಿಂದ ನಾವು ಯಾವ ನಡತೆಯನ್ನು ಬಯಸುತ್ತೇವೆಯೋ ಅದನ್ನೇ ನಾವು ಅಲ್ಲಿ ತೋರತಕ್ಕದ್ದು.

ಇನ್ನೊಂದು ವಿಷಯವನ್ನು ಮಕ್ಕಳಿಂದ ಮುಚ್ಚಿಡಬಾರದು. ಯುದ್ಧ, ಬಡತನಗಳಿಂದ ಓಡಿಬಂದು, ಮುರುಕು ದೋಣಿಗಳಲ್ಲಿ ಇದೇ ಸಮುದ್ರವನ್ನು ದಾಟಹೊರಟವರಲ್ಲಿ 2014ರಿಂದೀಚೆಗೆ 25,000ಕ್ಕೂ ಹೆಚ್ಚು ಜನರು ಮಡಿದಿದ್ದಾರೆ ಅಥವಾ ಕಾಣೆಯಾಗಿದ್ದಾರೆ. ಅವರಲ್ಲಿ ಮಕ್ಕಳೂ ಇದ್ದರು. ಅವರದೂ ಸಕುಟುಂಬ ಪ್ರಯಾಣವೇ. ಹಡಗಿನ ಮೇಲಂತಸ್ತಿನಲ್ಲಿ ನಿಂತು ನೀಲಿ ನೀರನ್ನು ನೋಡುವ ಮಗುವಿಗೆ ಇದನ್ನು ಮೆಲ್ಲನೆ ತಿಳಿಸಬೇಕಾದುದು ತಂದೆತಾಯಿಗಳ ಕರ್ತವ್ಯ. ಯಾತ್ರೆಯಿಂದ ಪುಣ್ಯ ದೊರೆಯುವುದಾದರೆ, ಅದು ಪರರ ನೋವನ್ನು ಅರಿತ ಮನಸ್ಸಿಗೇ ದೊರೆಯುವುದು.

ಅಭ್ಯಾಸ

1. ಭೂಮಧ್ಯ ಸಮುದ್ರದ ನೀರು ಹೆಚ್ಚು ಉಪ್ಪಾಗಿರಲು ಕಾರಣವೇನು?
2. ಪಾಠದಲ್ಲಿ ಬಂದ ಕಟ್ಟಡಗಳಲ್ಲಿ ಒಂದಕ್ಕಿಂತ ಹೆಚ್ಚು ಮತಗಳ ಆರಾಧನೆ ನಡೆದವು ಯಾವುವು? ಇಸವಿಗಳೊಡನೆ ಬರೆಯಿರಿ.
3. ಟೈಟಸನ ಕಮಾನಿಗೂ ಜೆರುಸಲೇಮಿಗೂ ಇರುವ ಸಂಬಂಧವನ್ನು ವಿವರಿಸಿರಿ.
4. ಎಫೆಸಸ್ ನಗರವು ಏಕೆ ಕ್ಷೀಣಿಸಿತು? ನಿಮ್ಮ ಊರಿನ ಹೊಳೆಯ ಅಳಿವೆಯಲ್ಲಿ ಹೂಳು ತುಂಬುತ್ತಿದೆಯೇ? ಮೀನುಗಾರರಾದ ಹಿರಿಯರನ್ನು ವಿಚಾರಿಸಿ ಬರೆಯಿರಿ.
5. ಭೂಪಟದಲ್ಲಿ ಅಲೆಕ್ಸಾಂಡ್ರಿಯದಿಂದ ಸೂಯೆಜ್ ಕಾಲುವೆಯ ಮೂಲಕ ಮಂಗಳೂರಿನವರೆಗೆ ಗೆರೆಯೆಳೆದು, ದಾರಿಯಲ್ಲಿ ಬರುವ ಸಮುದ್ರಗಳನ್ನು ಕನ್ನಡದಲ್ಲಿ ಹೆಸರಿಸಿರಿ.