ಬೆಲ್ಲದ ಗಟ್ಟಿತನ ಮತ್ತು ದಾಸ್ತಾನಿನ ಮೌಲ್ಯ

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದ ಆಸುಪಾಸಿನ ಸೀಮೆಯಲ್ಲಿ ಬೆಲ್ಲ ಕೊಳ್ಳುವ ವರ್ತಕರು ತೂಕವನ್ನೂ ಬಣ್ಣವನ್ನೂ ಪರೀಕ್ಷಿಸುತ್ತಾರೆ. ಮಳೆಗಾಲದಲ್ಲಿ ಅಚ್ಚು ಜಿನುಗಿ ಉಂಟಾಗುವ ನಷ್ಟದ ಮೂಲವಾದರೋ ಅಣುಗಳಲ್ಲಿದೆ.

ಸಕ್ಕರೆಯ ಅಣುಗಳು ನೀರಿನ ಅಣುಗಳನ್ನೂ ತಮ್ಮನ್ನು ತಾವೂ ಹೈಡ್ರೋಜನ್ ಬಂಧಗಳಿಂದ ಹಿಡಿದಿಡುತ್ತವೆ. ಈ ಹಿಡಿತವೇ ಹರಿವಿಗೆ ತಡೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇ. 40 ಸಕ್ಕರೆಯುಳ್ಳ ದ್ರಾವಣದ ಸ್ನಿಗ್ಧತೆ ನೀರಿನದಕ್ಕಿಂತ ಸುಮಾರು 6 ಪಟ್ಟು, ಶೇ. 60ಕ್ಕೇರಿದರೆ ಸುಮಾರು 58 ಪಟ್ಟು! ಪಾಕವು ಸುಮಾರು 118 ಡಿಗ್ರಿ ಮುಟ್ಟಿದಾಗ ಇಳಿಸಿ ಕಲಕಿದರೆ ಸುಕ್ರೋಸ್ ಹರಳುಗಟ್ಟಿ ಅಚ್ಚು ನಿಲ್ಲುತ್ತದೆ. ಕಡಿದ ಕಬ್ಬನ್ನು ಅರೆಯದೆ ದಿನಗಟ್ಟಲೆ ಬಿಟ್ಟರೆ, ಅಥವಾ ರಸ ಹುಳಿಯಾದರೆ, ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್‌ಗಳಾಗುತ್ತದೆ. ಇವು ಹರಳುಗಟ್ಟುವುದಕ್ಕೆ ಅಡ್ಡಿ. ಫ್ರಕ್ಟೋಸ್ ಅಂತೂ ಗಾಳಿಯ ತೇವವನ್ನೇ ಸೆಳೆಯುತ್ತದೆ. ಆಲೆಮನೆಯಲ್ಲಿ ರಸಕ್ಕೆ ಸುಣ್ಣ ಬೆರೆಸುವುದು ಹುಳಿ ತಗ್ಗಿಸಲೆಂದೂ ಹೌದು; ಮಿತಿ ಮೀರಿದರೆ ಬೆಲ್ಲ ಕಪ್ಪಾಗುತ್ತದೆ.

ತೆರಿಗೆಯೂ ಈ ಭೇದವನ್ನು ಕಂಡಿತ್ತು. ಬಿಡಿ ಅಚ್ಚುಬೆಲ್ಲಕ್ಕೆ ಜಿ.ಎಸ್.ಟಿ. ಇಲ್ಲದಿದ್ದಾಗಲೂ ರಾಬ್ ಎಂಬ ದ್ರವಬೆಲ್ಲಕ್ಕೆ ಶೇ. 18 ಇತ್ತು, 2023ರಲ್ಲಿ ಅದನ್ನು ಬಿಡಿ ಮಾರಾಟಕ್ಕೆ ಶೂನ್ಯಕ್ಕೂ, ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ್ದಕ್ಕೆ ಶೇ. 5ಕ್ಕೂ ಇಳಿಸಲಾಯಿತು.

ವರ್ತಕರು ಮಾರ್ಚ್ 31ರ ದಾಸ್ತಾನಿನಲ್ಲಿ ಜಿನುಗಿದ ಅಚ್ಚುಗಳನ್ನು ಬೇರ್ಪಡಿಸಿ, ಕೊಂಡ ಬೆಲೆ ಮತ್ತು ಮಾರಿದರೆ ದೊರೆಯುವ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯಾದುದನ್ನೇ ಲೆಕ್ಕಕ್ಕೆ ಬರೆಯತಕ್ಕದ್ದು.